ಹಳ್ಳಿಗೆ ಬಂದು ಬರೀ ಮನೆಮದ್ದಿನಲ್ಲೇ ಬದುಕಬಹುದಾ?

ನೀವು ಕೇಳಿದ್ದು ಇಷ್ಟು: ಬೆಂಗಳೂರಿನ ಕೆಲಸ ಬಿಟ್ಟು, ಹೆಂಡತಿ ಮತ್ತು 4 ವರ್ಷದ ಮಗಳ ಜೊತೆ ಮಲೆನಾಡಿನ ಯಾವುದಾದರೂ ಹಳ್ಳಿಯಲ್ಲಿ ಸರಳವಾಗಿ ಇರಬೇಕು ಅಂತಿದ್ದೀರಿ. ಮಾತ್ರೆ, ಡಾಕ್ಟರು ಎಲ್ಲ ಬಿಟ್ಟು ಹಿತ್ತಲ ಗಿಡದಲ್ಲೇ ನಡೆಯುತ್ತಾ ಅಂತ ಪ್ರಶ್ನೆ.

ನಾನು ಸಾಗರ ತಾಲ್ಲೂಕಿನವನು. 14 ವರ್ಷ ಬೆಂಗಳೂರಿನಲ್ಲಿದ್ದು, ಊರಿಗೆ ವಾಪಸ್ ಬಂದು 9 ವರ್ಷ ಆಯಿತು. ಒಂದೂವರೆ ಎಕರೆ ಅಡಿಕೆ ತೋಟ, ಒಂದಿಷ್ಟು ಗದ್ದೆ, ಎರಡು ಹಸು, 76 ವರ್ಷದ ಅಮ್ಮ. ವರ್ಷದಲ್ಲಿ ಹತ್ತರಲ್ಲಿ ಎಂಟು ಸಲ ನಮ್ಮ ಮನೆಯ ಕೆಮ್ಮು, ನೆಗಡಿ, ಹೊಟ್ಟೆ ಕೆಡುವುದು ಎಲ್ಲ ಅಡುಗೆಮನೆಯಲ್ಲೇ ವಾಸಿಯಾಗುತ್ತದೆ. ಉಳಿದ ಎರಡು ಸಲದ ಬಗ್ಗೆ ಹೇಳದೆ ಈ ಎಂಟನ್ನು ಮಾತ್ರ ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ.

ನಾನು ಬಂದ ಮೊದಲ ಮಳೆಗಾಲದ ಕಥೆ ಮೊದಲು ಹೇಳುತ್ತೇನೆ. ಆಗ ನನಗೂ ನಿಮ್ಮ ಹಾಗೇ ಹುರುಪು. ಪ್ಲಾಸ್ಟಿಕ್ ಬೇಡ, ಶಾಂಪೂ ಬೇಡ, ಚಪ್ಪಲಿ ಕೂಡ ಬೇಡ. ನೆಲಕ್ಕೆ ಕಾಲು ತಾಗಬೇಕು, ಭೂಮಿಯ ಶಕ್ತಿ ಬರುತ್ತದೆ ಅಂತ ಎಲ್ಲೋ ಓದಿದ್ದೆ. ಬರಿಗಾಲಲ್ಲಿ ತೋಟದ ಕಾಲುವೆ ಬಿಡಿಸುತ್ತಿದ್ದೆ, ಗದ್ದೆ ಬದು ಕಡಿಯುತ್ತಿದ್ದೆ. ಹದಿನೈದೇ ದಿನಕ್ಕೆ ಕಾಲ್ಬೆರಳ ಸಂದಿಯೆಲ್ಲ ಕೆಸರು ಹುಣ್ಣು. ಅಮ್ಮ ಮುರುಗಲ ತುಪ್ಪ ಬಿಸಿ ಮಾಡಿ ಹಚ್ಚಿದರು. ಮುರುಗಲು ಅಂದರೆ ಕರಾವಳಿಯವರ ಪುನರ್ಪುಳಿ. ಹಣ್ಣಿನ ಸಿಪ್ಪೆ ಒಣಗಿಸಿ ಸಾರಿಗೆ, ಪಾನಕಕ್ಕೆ. ಬೀಜ ಒಣಗಿಸಿ ಕುಟ್ಟಿ ನೀರಲ್ಲಿ ಕುದಿಸಿದರೆ ಮೇಲೆ ತೇಲುವುದೇ ಆ ತುಪ್ಪ. ತಣ್ಣಗಾದರೆ ಮೇಣದ ಹಾಗೆ ಗಟ್ಟಿ. ಒಡೆದ ಹಿಮ್ಮಡಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ. ಹಚ್ಚಿಕೊಂಡು ಅಮ್ಮ ಹೇಳಿದ್ದು, "ಅಪ್ಪಿ, ನಾಳೆಯಿಂದ ಗಂಬೂಟು ಹಾಕ್ಕೋ." ನಾನು ನಕ್ಕೆ. ಹಿಂದಿನವರು ಗಂಬೂಟು ಹಾಕಿದ್ರಾ ಅಂತ ಕೇಳಿದೆ. "ಇರಲಿಲ್ಲ, ಅದಕ್ಕೇ ಹಾಕಲಿಲ್ಲ" ಅಂದರು.

ಮುಂದಿನ ವಾರ ಜ್ವರ ಬಂತು. ಸುಮ್ಮನೆ ಬಂದ ಜ್ವರ ಅಲ್ಲ, ಚಳಿ ನಡುಕ, ತಲೆ ಸಿಡಿತ. ಮೀನಖಂಡ ಮುಟ್ಟಿದರೆ ಚೀರುವಷ್ಟು ನೋವು. ಕಣ್ಣು ಕೆಂಡದ ಹಾಗೆ ಕೆಂಪು. ಅಮ್ಮ ಕಷಾಯ ಮಾಡಿಕೊಟ್ಟರು. ಕುಡಿದು ಬೆವರಿ ಮಲಗಿದೆ. ಎರಡನೇ ದಿನ ಸಂಜೆ ಅವರೇ "ಡಾಕ್ಟ್ರ ಹತ್ತಿರ ಹೋಗು" ಅಂದರು. ನಾನು ಒಪ್ಪಲಿಲ್ಲ. ಅಮೃತಬಳ್ಳಿ ಕುದಿಸಿ ಕುಡಿದೆ, ತುಳಸಿ ಜಗಿದೆ. "ಜ್ವರ ಬಂದರೆ ಒಳ್ಳೆಯದೇ, ಮೈ ಶುದ್ಧವಾಗುತ್ತೆ" ಅಂತ ಅಮ್ಮನಿಗೇ ಪಾಠ ಮಾಡಿದೆ. ನಾಲ್ಕನೇ ದಿನ ಮೂತ್ರ ಕಡಿಮೆಯಾಗಿ ಕಾಫಿ ಬಣ್ಣಕ್ಕೆ ಬಂತು. ಅಮ್ಮ ನನ್ನನ್ನು ಕೇಳಲೇ ಇಲ್ಲ. ಪಕ್ಕದ ಮನೆಯ ಹುಡುಗನಿಗೆ ಜೀಪು ತರಲು ಹೇಳಿದರು.

ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು, ಇಲಿ ಜ್ವರ. ಇಲಿ, ದನಗಳ ಮೂತ್ರ ಸೇರಿದ ಕೆಸರು ನೀರಿನಲ್ಲಿ ಆ ರೋಗಾಣು ಇರುತ್ತದೆ. ಕಾಲಿನ ಗಾಯದಿಂದ, ಬಿರುಕಿನಿಂದ ಒಳಗೆ ಹೋಗುತ್ತದೆ. ಅಂದರೆ ನನ್ನ ಆ ಕೆಸರು ಹುಣ್ಣೇ ಬಾಗಿಲು! ಶುರುವಿನಲ್ಲೇ ಹೋಗಿದ್ದರೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಯಲ್ಲಿ ಮುಗಿಯಬಹುದಿತ್ತು. ತಡ ಮಾಡಿದ್ದಕ್ಕೆ ಕಿಡ್ನಿಗೆ ತೊಂದರೆಯಾಗಿ 8 ದಿನ ಆಸ್ಪತ್ರೆಯಲ್ಲಿದ್ದೆ.

ಈ ಕಥೆಯಲ್ಲಿ ಮನೆಮದ್ದು ಸೋತಿತು ಅಂತ ನನಗೆ ಅನ್ನಿಸುವುದಿಲ್ಲ. ಅಮ್ಮನ ಲೆಕ್ಕ ಸರಿಯಾಗೇ ಇತ್ತು. ಕಷಾಯ ಎರಡು ದಿನಕ್ಕೆ, ಬಿಡದಿದ್ದರೆ ಡಾಕ್ಟರು. ಆ ಎರಡನೇ ಅರ್ಧವನ್ನು ನಾನು ಕೇಳಿಸಿಕೊಳ್ಳಲಿಲ್ಲ. ಅಮ್ಮನ ಮದ್ದಿನ ಡಬ್ಬಿಯಲ್ಲಿ ಬಜೆ, ಅಳಲೆಕಾಯಿ, ಜಾಯಿಕಾಯಿ ಪಕ್ಕದಲ್ಲೇ ಪ್ಯಾರಾಸಿಟಮಾಲ್ ಇದೆ, ಬಿಪಿ ಮಾತ್ರೆ ಇದೆ. ಅವರಿಗೆ ಅದರಲ್ಲಿ ಯಾವ ಜಗಳವೂ ಕಾಣುವುದಿಲ್ಲ. ಜಗಳ ಇರುವುದು ಪೇಟೆಯಿಂದ ಬರುವ ನಮ್ಮಂಥವರ ತಲೆಯಲ್ಲಿ.

ಈಗ ಒಳ್ಳೆಯ ಮಾತಿಗೆ ಬರೋಣ. ನಮ್ಮ ಕಡೆ ಮದ್ದು ಅಂದರೆ ಮುಕ್ಕಾಲು ಪಾಲು ಊಟವೇ. ತಂಬುಳಿ ಗೊತ್ತಲ್ವಾ? ಮಳೆ ಬಿದ್ದ ಮೇಲೆ ತೋಟದ ಬದುವಿನಲ್ಲಿ ಒಂದೆಲಗ ತಾನಾಗೇ ಹಬ್ಬುತ್ತದೆ. ಒಂದು ಹಿಡಿ ಎಲೆ ಚೆನ್ನಾಗಿ ತೊಳೆದು, ಜೀರಿಗೆ, ನಾಲ್ಕು ಕಾಳುಮೆಣಸು, ತೆಂಗಿನತುರಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿ ಒಗ್ಗರಣೆ ಕೊಟ್ಟರೆ ಆಯಿತು. ಇದರಿಂದ ನೆನಪಿನ ಶಕ್ತಿ ಬರುತ್ತದೆ ಅಂತಾರೆ. ನನಗಂತೂ ಬಂದಿಲ್ಲ, ಟಾರ್ಚ್ ಎಲ್ಲಿಟ್ಟೆ ಅಂತ ದಿನಾ ಹುಡುಕುತ್ತೇನೆ. ಆದರೆ ಊಟ ಹಗುರ, ಹೊಟ್ಟೆ ತಂಪು. ದೊಡ್ಡಪತ್ರೆಯದು ಇನ್ನೊಂದು ತಂಬುಳಿ, ಎಲೆಯನ್ನು ತುಪ್ಪದಲ್ಲಿ ಬಾಡಿಸಿ ಮಾಡುವುದು. ಕೊಡಸಿಗೆ ಹೂವು ಬೇಸಿಗೆಯಲ್ಲಿ ಅರಳಿದಾಗ ಕಿತ್ತು ಒಣಗಿಸಿ ಭರಣಿಯಲ್ಲಿ ಇಟ್ಟುಕೊಳ್ಳುತ್ತೇವೆ. ಮಳೆಗಾಲದಲ್ಲಿ ಹೊಟ್ಟೆ ಕೆಟ್ಟರೆ ಅದನ್ನು ತುಪ್ಪದಲ್ಲಿ ಹುರಿದು ತಂಬುಳಿ. ಕಹಿ ಇರುತ್ತದೆ. ಅವತ್ತು ಬೇರೆ ಏನೂ ಇಲ್ಲ, ಅನ್ನ ಮತ್ತು ಅದು.

ಕಷಾಯದ ಪುಡಿಯನ್ನು ನೀವು ಬೆಂಗಳೂರಿನಲ್ಲೇ ಶುರು ಮಾಡಬಹುದು. ಕೊತ್ತಂಬರಿ ಒಂದು ಲೋಟ, ಜೀರಿಗೆ ಅರ್ಧ ಲೋಟ, ಕಾಳುಮೆಣಸು ಎರಡು ಚಮಚ, ಒಣಶುಂಠಿ ಒಂದು ತುಂಡು. ಬೇರೆ ಬೇರೆಯಾಗಿ ಬಿಸಿಯಾಗುವಷ್ಟು ಹುರಿದು ಪುಡಿ ಮಾಡಿ. ಬೆಲ್ಲ ಹಾಕಿ ಕುದಿಸಿ, ಆಮೇಲೆ ಹಾಲು. ನಮ್ಮಲ್ಲಿ ಸಂಜೆ ಕಾಫಿಯ ಬದಲು ಇದೇ. ಶೀತವಾದಾಗ ಲಕ್ಕಿ ಸೊಪ್ಪು ಹಾಕಿ ಕುದಿಸಿದ ನೀರಿನ ಹಬೆ ತೆಗೆದುಕೊಳ್ಳುತ್ತೇವೆ. ಮೂಗು ಬಿಡುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಮಗಳಿಗೆ ಮಾತ್ರ ಹಬೆ ಬೇಡ, ಬಿಸಿನೀರಿನ ಪಾತ್ರೆ ಮಗುಚಿ ಸುಟ್ಟುಕೊಂಡ ಮಕ್ಕಳನ್ನು ಊರಲ್ಲೇ ನೋಡಿದ್ದೇನೆ. ಅವಳ ಕೆಮ್ಮಿಗೆ ಮಲಗುವ ಮುಂಚೆ ಅರ್ಧ ಚಮಚ ಜೇನು ಕೊಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಬಾರದು. ನಿಮ್ಮ ಮಗಳಿಗೆ ಆ ವಯಸ್ಸು ದಾಟಿದೆ, ಆದರೂ ಓದುವ ಬೇರೆಯವರಿಗಾಗಿ ಹೇಳಿದೆ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ದೊಡ್ಡ ಮನೆಮದ್ದು ಉಪ್ಪು, ಸಕ್ಕರೆ, ನೀರು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದಕ್ಕೆ ಹಳ್ಳಿಯ ಹೆಸರಿಲ್ಲ, ಹಳೇ ಕಾಲದ ಗತ್ತೂ ಇಲ್ಲ. 1971ರಲ್ಲಿ ಬಾಂಗ್ಲಾದಿಂದ ಜನ ಓಡಿ ಬಂದು ಗಡಿಯ ಶಿಬಿರಗಳಲ್ಲಿ ಕಾಲರಾ ಹರಡಿದಾಗ, ಡ್ರಿಪ್ ಬಾಟಲಿ ಮುಗಿದು ಹೋಗಿ, ದಿಲೀಪ್ ಮಹಲನಾಬಿಸ್ ಎಂಬ ಡಾಕ್ಟರು ಡ್ರಮ್ಮುಗಳಲ್ಲಿ ಇಂಥದ್ದೇ ನೀರು ಬೆರೆಸಿಟ್ಟು ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಭೇದಿಯಾದರೆ ಕೊಡಸಿಗೆ ತಂಬುಳಿಗಿಂತ ಮೊದಲು ಮಗುವಿಗೆ ಈ ನೀರು.

ಇನ್ನು ಬದುಕಿನ ಸರಳತೆ. ಸ್ನಾನದ ನೀರು ಬಚ್ಚಲ ಒಲೆಯಲ್ಲಿ ಕಾಯುತ್ತದೆ, ಉರಿಗೆ ತೆಂಗಿನ ಸಿಪ್ಪೆ, ಅಡಿಕೆ ಹಾಳೆ. ಪಾತ್ರೆಗೆ ಅದೇ ಒಲೆಯ ಬೂದಿ. ತಲೆಗೆ ಸೀಗೆಪುಡಿ, ಇಲ್ಲದಿದ್ದರೆ ಮತ್ತಿ ಸೊಪ್ಪಿನ ಲೋಳೆ. ಬಟ್ಟೆಗೆ ಅಂಟುವಾಳ ಹಾಕಿ ನೋಡಿದೆವು. ರೇಷ್ಮೆಗೆ ಸರಿ, ತೋಟದ ಕೆಲಸದ ಪ್ಯಾಂಟಿಗೆ ಪ್ರಯೋಜನವಿಲ್ಲ. ಅದಕ್ಕೆ ಸೋಪೇ ಬೇಕು. ಸೊಪ್ಪು, ಹಾಲು, ತೆಂಗಿನಕಾಯಿ ಮನೆಯದ್ದು. ಆದರೂ ದುಡ್ಡು ಖರ್ಚಾಗುವುದಿಲ್ಲ ಅಂದುಕೊಳ್ಳಬೇಡಿ. ಪೆಟ್ರೋಲು, ಮಗಳ ಶಾಲೆ, ಹಸುವಿನ ಹಿಂಡಿ, ಅಡಿಕೆ ಗೊನೆ ಕೊಯ್ಯುವವರ ಕೂಲಿ ಎಲ್ಲ ಇದ್ದದ್ದೇ. ಜುಲೈನಲ್ಲಿ ಗಾಳಿ ಬಂದರೆ ಕರೆಂಟು ಮೂರು ದಿನ ಇಲ್ಲ. ಮೊಬೈಲ್ ಸಿಗ್ನಲ್ ನಮ್ಮ ಮನೆಯ ಹಿಂದಿನ ಗುಡ್ಡ ಹತ್ತಿದರೆ ಉಂಟು. ಹೊರಗೆ ಹೋಗಿ ಬಂದರೆ ಕಾಲಲ್ಲಿ ಉಂಬಳ, ಅಂದರೆ ಜಿಗಣೆ. ಕಿತ್ತು ಎಳೆಯಬೇಡಿ, ಉಪ್ಪಿನ ನೀರು ಅಥವಾ ಸುಣ್ಣ ತಾಗಿಸಿದರೆ ತಾನೇ ಬಿಡುತ್ತದೆ. ಅದು ಕಚ್ಚಿದ್ದಕ್ಕಿಂತ ಆಮೇಲಿನ ತುರಿಕೆಯೇ ಜಾಸ್ತಿ.

ಮಳೆ ಹೋದರೆ ಭಯ ಮುಗಿಯಿತು ಅಂತಲ್ಲ. ಚಳಿಗಾಲದಿಂದ ಬೇಸಿಗೆವರೆಗೆ ಮಂಗನ ಕಾಯಿಲೆ. ಇದು ಮೊದಲು ಗೊತ್ತಾಗಿದ್ದೇ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಉಣುಗು, ಅಂದರೆ ರಕ್ತ ಹೀರುವ ಸಣ್ಣ ಹುಳ, ಕಚ್ಚಿ ಬರುವ ಜ್ವರ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಕಡೆ ಎಷ್ಟೋ ಮನೆಗಳಲ್ಲಿ ಸಾವಾಯಿತು. ಕೊಟ್ಟಿಗೆಗೆ ದರಗು (ಒಣ ಎಲೆ) ತರಲು ಕಾಡಿಗೆ ಹೋಗುವುದು ಸರಿಯಾಗಿ ಅದೇ ತಿಂಗಳುಗಳಲ್ಲಿ. ಹಾಗಾಗಿ ಉಣುಗು ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳುವ ಎಣ್ಣೆಯನ್ನು ಆಶಾ ಕಾರ್ಯಕರ್ತೆ ಕೊಟ್ಟರೆ ತೆಗೆದುಕೊಂಡು ಹಚ್ಚಿಕೊಳ್ಳಿ. ಮಂಗ ಸತ್ತು ಬಿದ್ದದ್ದು ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಿ, ಆ ಕಡೆ ಹೋಗಬೇಡಿ. ಆ ಜ್ವರಕ್ಕೆ ಅಂತಲೇ ಬೇರೆ ಔಷಧಿ ಇಲ್ಲ, ಆಸ್ಪತ್ರೆಯಲ್ಲಿ ನೋಡಿಕೊಳ್ಳುವುದೇ ಚಿಕಿತ್ಸೆ. ಕಷಾಯ ಕುಡಿಯುತ್ತಾ ಕೂತರೆ ಆಗುವುದಿಲ್ಲ.

ಹಾವಿನ ವಿಷಯದಲ್ಲಿ ಒಂದು ದಿನವೂ ಕಾಯುವ ಮಾತಿಲ್ಲ. ಬೇರು ತೇದು ಕೊಡುವವರು, ಮಂತ್ರ ಹಾಕುವವರು ಈಗಲೂ ಇದ್ದಾರೆ. ಅವರ ಮೇಲೆ ಜನರಿಗೆ ನಂಬಿಕೆ ಬರಲು ಕಾರಣ ಇದೆ: ಕಚ್ಚುವ ಹಾವುಗಳಲ್ಲಿ ಹೆಚ್ಚಿನವು ವಿಷದ್ದಲ್ಲ, ವಿಷದ ಹಾವು ಕಚ್ಚಿದರೂ ಒಮ್ಮೊಮ್ಮೆ ವಿಷ ಬಿಟ್ಟಿರುವುದಿಲ್ಲ. ಬದುಕಿದವರೆಲ್ಲ ಬೇರಿನಿಂದ ಬದುಕಿದೆ ಅಂತಾರೆ. ಸತ್ತವರು ಹೇಳಲು ಬರುವುದಿಲ್ಲ. ಕಾಮಾಲೆಯ ನಾಟಿ ಮದ್ದಿಗೂ ಸುಮಾರು ಇದೇ ಕಥೆ. ನೀರಿನಿಂದ ಬರುವ ಕಾಮಾಲೆ ಎಷ್ಟೋ ಜನರಿಗೆ ಕೆಲವು ವಾರದಲ್ಲಿ ತಾನೇ ಇಳಿಯುತ್ತದೆ, ಹೆಸರು ಮಾತ್ರ ನಾಟಿ ಮದ್ದಿನ ನೆಲನೆಲ್ಲಿ ಗಿಡಕ್ಕೆ. ಹಾವು ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಕಾಲು ಅಲ್ಲಾಡಿಸದೆ ವಿಷ ಇಳಿಸುವ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಹೋಗಿ. ಅದು ಎಲ್ಲಿ ಇದೆ ಅಂತ ಬಂದ ಮೊದಲ ವಾರವೇ ವಿಚಾರಿಸಿಡಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು.

ಅಮೃತಬಳ್ಳಿ ಬಗ್ಗೆ ನೀವು ಬೇರೆಯಾಗಿ ಕೇಳಿದ್ದೀರಿ, ದಿನಾ ಕುಡಿಯಬಹುದಾ ಅಂತ. ಕೊರೊನಾ ಸಮಯದಲ್ಲಿ ಊರಿಗೂರೇ ಕುಡಿಯಿತು, ನಾನೂ ಕುಡಿದೆ. 2021ರಲ್ಲಿ ಮುಂಬೈನ ಡಾಕ್ಟರುಗಳು ಅದನ್ನು ಕುಡಿದ 6 ಜನರಿಗೆ ಲಿವರ್ ತೊಂದರೆ ಆದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅದೇ ಜಾತಿಯ, ನೋಡಲು ಹಾಗೇ ಕಾಣುವ ಬೇರೆ ಬಳ್ಳಿಯೂ ಇರುವುದು ನಿಜ. ನಾನು ನಿಲ್ಲಿಸಿದ್ದು ವರದಿ ಓದಿ ಅಲ್ಲ. ಅಮ್ಮ ಒಂದು ದಿನ ನನ್ನ ಲೋಟ ನೋಡಿ, "ಮದ್ದನ್ನು ಯಾರಾದರೂ ಊಟದ ಹಾಗೆ ದಿನಾ ತಿಂತಾರಾ?" ಅಂದರು. ನೀವು ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳದೆ ಇಂಥದ್ದು ಬೇಡ. ಗಿಡದ ಗುರುತು ಫೋಟೋ ನೋಡಿ ಆಗುವುದಿಲ್ಲ. ಗೊತ್ತಿರುವ ಹೆಂಗಸರ ಜೊತೆ ಒಂದು ಮಳೆಗಾಲ, ಒಂದು ಬೇಸಿಗೆ ತಿರುಗಬೇಕು.

ಹಾಗಾಗಿ ನನ್ನ ಸಲಹೆ: ಈಗಲೇ ಜಾಗ ಕೊಳ್ಳಬೇಡಿ. ಒಂದು ವರ್ಷ ಬಾಡಿಗೆ ಮನೆ ಹಿಡಿಯಿರಿ. ಆರೋಗ್ಯ ಕೇಂದ್ರ ಹತ್ತು ಹನ್ನೆರಡು ಕಿಲೋಮೀಟರ್ ಒಳಗಿರಲಿ, ರಾತ್ರಿ ಹೊತ್ತು ಗಾಡಿ ತರುವ ಒಬ್ಬ ನೆರೆಯವನಿರಲಿ. ಮಗಳ ಲಸಿಕೆ ಯಾವುದನ್ನೂ ತಪ್ಪಿಸಬೇಡಿ. ಬರುವುದು ಡಿಸೆಂಬರಿನಲ್ಲಿ ಬೇಡ, ಆಗ ಮಲೆನಾಡು ಎಲ್ಲರಿಗೂ ಚಂದ ಕಾಣುತ್ತದೆ. ಜುಲೈನಲ್ಲಿ ಬನ್ನಿ. ಬರುವಾಗ ಮೂವರಿಗೂ ಗಂಬೂಟು ತನ್ನಿ. ದೊಡ್ಡವರದು ಸಾಗರದ ಪೇಟೆಯಲ್ಲೇ ಸಿಗುತ್ತದೆ, 4 ವರ್ಷದ ಮಗುವಿನ ಕಾಲಿಗೆ ಆಗುವಷ್ಟು ಸಣ್ಣದು ನಾನು ಹುಡುಕಿದಾಗ ಸಿಕ್ಕಿರಲಿಲ್ಲ.