ನರ್ಸ್ ಆಗಿ ಜರ್ಮನಿಗೆ ಹೊಂಟೇನಿ, ಅಲ್ಲೆ ಹೊಂದ್ಕೊಳ್ಳಾಕ ಎಷ್ಟ ದಿನಾ ಹಿಡೀತೈತಿ?

ತಂಗೀ, ನೀವು ಖಾನಾಪುರದವ್ರು, ಜರ್ಮನ್ ಭಾಷಾದ ಬಿ2 ಮಟ್ಟದ ಪರೀಕ್ಷಾ ಪಾಸಾಗೇತಿ, ಅಕ್ಟೋಬರ್‌ನ್ಯಾಗ ವಿಮಾನ ಐತಿ, ಆದ್ರ ಹೆದರಿಕಿ ಹೋಗವಲ್ದು ಅಂತ ಬರದೀರಿ. ನಾ ಬೆಳಗಾವಿ ಶಹಾಪುರದಾಕಿ, ನರ್ಸ್, 2019ರಾಗ ಹ್ಯಾಂಬರ್ಗ್‌ಗೆ ಬಂದ್ನಿ. ನನಗಂತೂ ಒಂದೂವರಿ ವರ್ಷ ಹಿಡೀತು, ಅದರಾಗ ಮುಕ್ಕಾಲು ಪಾಲು ಭಾಷಾದ್ದ ತ್ರಾಸು.

ಬಿ2 ಆಗೇತಿ ಅಂದ್ರ ಮಾತಾಡಾಕ ಬರ್ತೈತಿ ಅಂತ ನಾನೂ ತಿಳ್ಕೊಂಡಿದ್ನಿ. ಬಂದ ಮೊದಲನೇ ತಿಂಗಳ, ವಾರ್ಡಿನಿಂದ ಫೋನ್ ಬಂತು, ನಾಳೆ ಮೀಟಿಂಗ್ 'ಹಾಲ್ಬ್ ಆಖ್ಟ್'ಗೆ ಅಂದ್ರು. ಹಾಲ್ಬ್ ಅಂದ್ರ ಅರ್ಧ, ಆಖ್ಟ್ ಅಂದ್ರ ಎಂಟು, ಹಂಗಾರ ಎಂಟೂವರಿ ಅಂತ ಲೆಕ್ಕಾ ಹಾಕಿ ಹೋದ್ನಿ. ಅದು ಏಳೂವರಿ ರೀ! ಎಂಟಕ್ಕ ಅರ್ಧ ತಾಸು ಕಡಿಮಿ ಅಂತ ಅರ್ಥ. ಮೀಟಿಂಗ್ ಮುಗದು ಎಲ್ಲಾರೂ ಕುರ್ಚಿ ಸರಸಾಕತ್ತಿದ್ರು, ಯಾರೂ ಬೈಲಿಲ್ಲ, ಗಡಿಯಾರ ನೋಡಿ ಸುಮ್ನಾದ್ರು, ಬೈದಿದ್ರ ಎಷ್ಟೋ ಬೇಸಿತ್ತು ಅನಿಸ್ತು.

ಅವತ್ತ ರಾತ್ರಿ ಕುಂತು ವಿಚಾರ ಮಾಡಿದ್ನಿ, ನಾವು ಮರಾಠಿ ಹೆಂಗ ಕಲ್ತ್ವಿ? ಯಾರೂ ಪುಸ್ತಕಾ ಕೊಟ್ಟಿದ್ದಿಲ್ಲ, ಗಣಪತ ಗಲ್ಲಿಯೊಳಗ ಅವ್ವನ ಕೈ ಹಿಡಕೊಂಡು ಕಾಯಿಪಲ್ಲೆ ಚೌಕಾಶಿ ಕೇಳ್ಕೋತ ಕೇಳ್ಕೋತ ಬಂದಬಿಡ್ತು, ತಪ್ಪಾದ್ರೂ ಬಾಯಿ ನಿಂದರಲಿಲ್ಲ. ಜರ್ಮನ್ ಹಂಗ ಹಿಡೀರಿ. ನಿಮಗ ಮರಾಠಿ ಬರ್ತೈತಿ ಅಂದ್ರ ಅರ್ಧ ದಾರಿ ಬಂದಂಗ. 54ಕ್ಕ ಇವ್ರು 'ಫಿಯರ್ ಉಂಡ್ ಫ್ಯುನ್ಫ್‌ಸಿಖ್' ಅಂತಾರ, ನಾಕು ಮತ್ತ ಐವತ್ತು, ಕನ್ನಡದಾಗ ವಿಚಾರ ಮಾಡಿದ್ರ ಕೈ ಮೊದಲ 4 ಬರದು 45 ಮಾಡಿಬಿಡ್ತೈತಿ, ಆದ್ರ ಮರಾಠಿ ಚೋಪನ್‌ನ್ಯಾಗೂ ನಾಕ ಮೊದಲ ಬರ್ತೈತಿ. ಮರಾಠಿಯೊಳಗ ಗಂಡು, ಹೆಣ್ಣು, ನಪುಂಸಕ ಲಿಂಗಕ್ಕ ತೋ, ತೀ, ತೇ ಇದ್ದಂಗ ಇಲ್ಲೆ ಡೆರ್, ಡೀ, ದಾಸ್. ಯಾವ ವಸ್ತುಕ್ಕ ಯಾವ್ದು ಅನ್ನೂದು ತಾಳೆ ಆಗೂದಿಲ್ಲ, ಆದ್ರ ಕುರ್ಚಿಗೂ ಬಾಗಲಕ್ಕೂ ಲಿಂಗ ಇರ್ತೈತಿ ಅನ್ನೂದು ನಮಗ ಹೊಸಾದಲ್ಲ. ಡ್ಯೂಟಿ ಬದಲಾಗೂ ಹ್ಯಾಂಡೋವರ್ ಮುಂದ ಬಿಪಿ, ಶುಗರ್ ಬರಕೊಂಡ ಮ್ಯಾಲ ಒಂದೊಂದ ಅಂಕಿ ಬಿಡಿಸಿ ವಾಪಸ್ ಹೇಳ್ರಿ, ನಾಚ್ಕೋಬ್ಯಾಡ್ರಿ.

ಕೆಲಸದ್ದೂ ಹೇಳಬೇಕು. ನಮ್ಮಲ್ಲೆ ಮೈ ಒರಸೂದು, ಉಣಸೂದು ಮನಿಮಂದಿ ಇಲ್ಲಾ ಆಯಾ ಮಾಡ್ತಾರ, ಇಲ್ಲೆ ಜಳಕಾ ಮಾಡ್ಸೂದು, ಹಲ್ಲಿನ ಸೆಟ್ ತೊಳೆಯೂದು, ಡೈಪರ್ ಬದಲಿ ಮಾಡೂದು ಎಲ್ಲಾ ನರ್ಸ್ ಕೆಲಸನ. ಓದಿದ್ದು ಇದಕ್ಕೇನು ಅಂತ ಎರಡ ವಾರ ಅತ್ನಿ. ಆದ್ರ ನಾ ಮಾತು ಕಲ್ತಿದ್ದು ಅಲ್ಲೇನ. 84 ವರ್ಷದ ಒಬ್ಬ ಅಜ್ಜಿ, ದಿನಾ ಮುಂಜಾನೆ ತಲಿ ಬಾಚೂ ಮುಂದ ಬಾಚಣಕಿ ಎತ್ತಿ ಹಿಡದು 'ಡೆರ್ ಕಾಮ್' ಅಂತಿದ್ಲು, ಸಾಬಾಣ 'ಡೀ ಜೈಫೆ', ಟಾವೆಲ್ 'ದಾಸ್ ಹಾಂಡ್‌ಟೂಖ್', ನಾ ತಪ್ಪು ಹೇಳಿದ್ರ ಸರಿ ಹೇಳೂತನಾ ಬಾಚಣಕಿ ಬಿಡ್ತಿದ್ದಿಲ್ಲ. ಆಕಿ ತೀರ್ಕೊಂಡ ದಿನಾ ನಾನ ಡ್ಯೂಟಿಮ್ಯಾಲ ಇದ್ನಿ, ಕಡೀಕ ತಲಿ ಬಾಚಿದ್ದೂ ನಾನ.

ಕಾಗದ ಪತ್ರದ್ದು: ಮನಿ ಸಿಕ್ಕು ಒಳಗ ಹೋದ 14 ದಿನದಾಗ ವಿಳಾಸ ನೋಂದಣಿ ಮಾಡಸ್ರಿ, ಬ್ಯಾಂಕಿನವ್ರೂ ಆ ಚೀಟಿ ಕೇಳ್ತಾರ. ನಿಮ್ಮ ಡಿಗ್ರಿಗೆ ಮಾನ್ಯತಾ ಸಿಗೂತನಾ ಸಹಾಯಕಿ ಪಗಾರ, ಆ ಲೆಕ್ಕದಾಗನ ಖರ್ಚು ಇಟಗೊಳ್ರಿ, ಮನಿಗೆ ರೊಕ್ಕಾ ಕಳಸ್ತೇನಿ ಅಂತ ಈಗ ಮಾತು ಕೊಡಬ್ಯಾಡ್ರಿ.

ಡಿಸೆಂಬರ್ ಭಾಳ ಜಡಾ. ಇಲ್ಲೆ ಎಂಟೂವರಿಗೆ ಸೂರ್ಯಾ ಹುಟ್ಟಿದ್ರ ನಾಕಕ್ಕ ಮುಳಗ್ತಾನ, ಬೆಳಕ ಇಲ್ದ ಮನಸ್ಸು ಕುಗ್ಗತೈತಿ, ಸೂಟಿ ದಿನಾ ಮಧ್ಯಾಹ್ನ ಹೊರಗ ಅಡ್ಡಾಡ್ರಿ. ಅಕ್ಟೋಬರ್ ಕಡೀ ರವಿವಾರ ಗಡಿಯಾರ ಹಿಂದ ಸರಸ್ತಾರ, ಆಮ್ಯಾಲ ನಮ್ಮೂರಿಗೂ ಇಲ್ಲಿಗೂ ನಾಕೂವರಿ ತಾಸು ಫರಕ. ಡ್ಯೂಟಿ ಮುಗಿಸಿ ರಾತ್ರಿ ಫೋನ್ ಮಾಡ್ತೇನಿ ಅಂದ್ರ ಅವ್ವ ಮಲಗಿರ್ತಾಳ. ನಾ ಮುಂಜಾನೆ ಒಂಬತ್ತೂವರಿ ಬ್ರೇಕಿನ್ಯಾಗ ಮಾಡ್ತೇನಿ, ಅಲ್ಲೆ ಎರಡ ಆಗಿರ್ತೈತಿ, ಆಕಿ ಉಂಡು ಅಡ್ಡಾಗಿರ್ತಾಳ, ಹತ್ತ ಮಿನಿಟ್ ನಿವಾಂತ ಮಾತಾಡ್ತೇವಿ.

ಬ್ಯಾಗಿನ್ಯಾಗ ಕುಂದಾ ಇಡಬ್ಯಾಡ್ರಿ, ಹಾಲಿನ ಪದಾರ್ಥ ಯುರೋಪಿನೊಳಗ ಬಿಡೂದಿಲ್ಲ, ನನ್ನ ಡಬ್ಬಿ ಏರ್‌ಪೋರ್ಟಿನ್ಯಾಗ ಕಸದ ಬುಟ್ಟಿಗೆ ಹೋತು. ಕಟಕ ರೊಟ್ಟಿ, ಶೇಂಗಾ ಹಿಂಡಿ ತರ್ರಿ. ಹ್ಯಾಂಬರ್ಗ್ ಕಡೆ ಬಂದ್ರ ಮೆಸೇಜ್ ಹಾಕ್ರಿ, ಜ್ವಾಳದ ಹಿಟ್ಟು ಎಲ್ಲಿ ಸಿಗ್ತೈತಿ ತೋರಸ್ತೇನಿ.