ಸಾರಿಗೆಯ ಬಗ್ಗೆ ಸರ್ಕಾರಕ್ಕೆ ಬರೀ ಸಲಹೆ ಕೊಡುವ ಮಂಡಳಿಯಿಂದ ವಾಹನಗಳ ಕಾರ್ಬನ್ ಹೇಗೆ ಕಡಿಮೆಯಾಗುತ್ತದೆ?

ಮಂಡಳಿ ತಾನೇ ಏನನ್ನೂ ಇಳಿಸುವುದಿಲ್ಲ. ಸಾರಿಗೆ ಇಲಾಖೆಯ ಗುರಿಯನ್ನು ಬದಲಿಸುತ್ತದೆ, ಅದೂ ಸರ್ಕಾರ ಕಿವಿಗೊಟ್ಟರೆ. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಇಂಥ ಮಂಡಳಿಯ ಸಲಹೆಯ ಮೇಲೆ, 2050ರೊಳಗೆ ತಲಾವಾರು ವಾಹನ ಓಡಾಟವನ್ನು (ಒಬ್ಬೊಬ್ಬರ ಲೆಕ್ಕಕ್ಕೆ ವಾಹನಗಳು ಓಡುವ ದೂರವನ್ನು) ಶೇ. 20ರಷ್ಟು ತಗ್ಗಿಸುವ ಗುರಿಯನ್ನು ಇಲಾಖೆ ಒಪ್ಪಿಕೊಂಡಿತು.

ಓಡಾಟವೇ ಯಾಕೆ? ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಡೀಸೆಲ್‌ನ ತೂಕ ಒಂದು ಕೆ.ಜಿ.ಯೂ ಇಲ್ಲ, ಉಳಿದದ್ದು ಗಾಳಿಯಿಂದ ಸೇರುವ ಆಮ್ಲಜನಕ. ಕಪ್ಪು ಹೊಗೆಯ ಮಸಿಯನ್ನು ಸೈಲೆನ್ಸರ್‌ನಲ್ಲಿ ಸೋಸಬಹುದು, ಕಾರ್ಬನ್ ಡೈಆಕ್ಸೈಡನ್ನಲ್ಲ. ಹಾಗಾಗಿ ಉರಿಸುವುದನ್ನೇ ಕಡಿಮೆ ಮಾಡಬೇಕು. ನಮ್ಮ ಕಲಬುರಗಿಯಲ್ಲಾದರೆ, ಸೂಪರ್ ಮಾರ್ಕೆಟ್‌ಗೆ ಬೈಕಿನಲ್ಲಿ ಬರುವವರು ಸಿಟಿ ಬಸ್ ಹತ್ತಬೇಕು, ವಾಡಿಯ ಸಿಮೆಂಟ್ ಲಾರಿ ಬಿಟ್ಟು ರೈಲು ಏರಬೇಕು. ಬಸ್ ಹೊತ್ತಿಗೆ ಸರಿಯಾಗಿ ಬರದಿದ್ದರೆ ಮಾತ್ರ ಯಾವ ಮಂಡಳಿ ಹೇಳಿದರೂ ಯಾರೂ ಬೈಕ್ ಬಿಡಲ್ಲ.