ಚಗಳಿ ಇರುವೆಯನ್ನು ಹುರಿದು ಅರೆಯಬೇಕೇ?

ನಮಸ್ಕಾರ. ಮಲೆನಾಡಿನ ನೆಂಟರು ಕೊಟ್ಟ ಚಗಳಿ ಇರುವೆಗಳನ್ನು (ಮರದಲ್ಲಿ ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ) ಚಟ್ನಿಗೆ ಹಸಿಯಾಗಿಯೇ ಅರೆಯಬಹುದೇ ಎಂದು ಕೇಳಿದ್ದೀರಿ. ಒಡಿಶಾದ ಮಯೂರ್‌ಭಂಜ್‌ನಲ್ಲಿ ಇದೇ ಜಾತಿಯ ಇರುವೆಯಿಂದ ಮಾಡುವ, 2024ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ‘ಕಾಯ್’ ಚಟ್ನಿಗೆ (ಕಾಯ್ ಎಂದರೆ ಅಲ್ಲಿ ಈ ಇರುವೆಯೇ, ತೆಂಗಿನಕಾಯಿಯಲ್ಲ) ಹಸಿಯಾಗಿ ಅರೆಯುವ ರೂಢಿಯಿದೆಯಾದರೂ, ಮೊದಲ ಸಲ ತಿನ್ನುವವರು ಹುರಿದೇ ಅರೆಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಎಲೆ ಹೆಣೆದು ಕಟ್ಟಿದ ಗೂಡಿನಿಂದ ಕಸಕಡ್ಡಿಯೂ ಬಂದಿರುವುದರಿಂದ, ಇರುವೆಗಳನ್ನು ಬಿಸಿನೀರಿಗೆ ಹಾಕಿ, ಕಸ ಆರಿಸಿ, ನೀರು ಬಸಿದು, ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಗರಿಗರಿಯಾಗುವಂತೆ ಹುರಿದು, ಅನಂತರ ಹಸಿಮೆಣಸು, ಬೆಳ್ಳುಳ್ಳಿ, ತೆಂಗಿನತುರಿ, ಉಪ್ಪಿನೊಂದಿಗೆ ನುಣ್ಣಗೆ ಅರೆಯಿರಿ. ಇರುವೆಯ ಫಾರ್ಮಿಕ್ ಆಮ್ಲವೇ ಹುಳಿ ಕೊಡುವುದರಿಂದ, ರುಚಿ ನೋಡದೆ ಹುಣಸೆಹಣ್ಣು ಸೇರಿಸಬೇಡಿ. ಸೀಗಡಿ, ಏಡಿ ಒಗ್ಗದವರಿಗೆ ಕೀಟಗಳೂ ಒಗ್ಗದಿರಬಹುದು. ಅಂಥವರಿಗೆ ದಯವಿಟ್ಟು ಒಂದು ಚಮಚವನ್ನೂ ಬಡಿಸಬೇಡಿ.